ಬೆನ್ನು ಹಾಕಿ ಕೂತವರು

ಇಟಲಿಯ ಪಾದುವಾ ಊರಿನಲ್ಲಿ ಸ್ಕ್ರೊವೆನ್ಯಿ ಚಾಪೆಲ್ ಅಂತ ಒಂದು ಪುಟ್ಟ ಪ್ರಾರ್ಥನಾ ಮಂದಿರ ಇದೆ. ಒಳಗೆ ಬಿಡುವ ಮೊದಲು ನಮ್ಮನ್ನು ಒಂದು ಗಾಜಿನ ಕೋಣೆಯಲ್ಲಿ 15 ನಿಮಿಷ ಕೂರಿಸುತ್ತಾರೆ. ಒಮ್ಮೆಗೆ 25 ಜನ, ಅಷ್ಟೇ. ನಮ್ಮ ಉಸಿರಿನ ತೇವ, ಮೈಯ ಬಿಸಿ, ಬಟ್ಟೆಯ ಧೂಳು ಒಳಗಿನ ಗೋಡೆಗೆ ತಾಗಬಾರದು ಅಂತ ಈ ವ್ಯವಸ್ಥೆ. ಕೋಣೆಯ ಗಾಳಿ ಹದಕ್ಕೆ ಬಂದ ಮೇಲೆ ಬಾಗಿಲು ತೆರೆಯುತ್ತದೆ. ಒಳಗೆ ಇರಲು ಸಿಗುವುದು ಮತ್ತೆ 15 ನಿಮಿಷ. 700 ವರ್ಷ ಹಳೆಯ ಬಣ್ಣ, ಇಷ್ಟು ಜೋಪಾನ ಮಾಡಲೇಬೇಕು.

ನಾನು ಪಾದುವಾಕ್ಕೆ ಹೊರಟದ್ದು ಇದನ್ನು ನೋಡಲು ಅಲ್ಲ. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮಂಗಳವಾರ ಬಂತೆಂದರೆ ಕೆ.ಆರ್. ನಗರದ ಬಸ್ಸು ಹತ್ತಿ ಡೋರ್ನಹಳ್ಳಿಗೆ ಹೋಗುತ್ತಿದ್ದರು. ಶಾಲೆಗೆ ರಜೆ ಇದ್ದರೆ ನಾನೂ ಜೊತೆಗೆ. ಅಲ್ಲಿನ ಸಂತ ಅಂತೋಣಿಯವರ ಮುಂದೆ ಮೇಣದ ಬತ್ತಿ ಹಚ್ಚಿ, "ಇವರು ಪಾದುವಾದ ಅಂತೋಣಿ, ಕಳೆದುಹೋದದ್ದನ್ನೆಲ್ಲ ಹುಡುಕಿಕೊಡುತ್ತಾರೆ" ಅನ್ನುತ್ತಿದ್ದರು. ಪಾದುವಾ ಎಲ್ಲಿದೆ ಅಂತ ಆಂಟಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಇಟಲಿಗೆ ಹೋಗುವ ಅವಕಾಶ ಬಂತು. ಆಂಟಿಯ ಹೆಸರು ಹೇಳಿ ಅಂತೋಣಿಯವರ ಸಮಾಧಿ ಮುಟ್ಟಿ ಬರೋಣ ಅಂತ ರೈಲು ಹತ್ತಿದೆ. ಊರಿಗೆ ಬರುವವರೆಲ್ಲ ಚಾಪೆಲ್ ಟಿಕೆಟ್ ಕೂಡ ಬುಕ್ ಮಾಡುತ್ತಾರೆ ಅಂತ ಗೊತ್ತಾಗಿ ನಾನೂ ಮಾಡಿದೆ. ಹೀಗೆ, ಸುಮ್ನೆ ಒಳಗೆ ಹೋದವರು ನಾವು.

ಹೊರಗಿನಿಂದ ನೋಡಿದರೆ ಅದು ಇಟ್ಟಿಗೆಯ ಉಗ್ರಾಣದ ಹಾಗಿದೆ. ಒಳಗೆ ಕಂಬಗಳಿಲ್ಲ, ಕೆತ್ತನೆಯ ಅಬ್ಬರವಿಲ್ಲ. ಉದ್ದನೆಯ ಒಂದೇ ಕೋಣೆ, ಮೇಲೆ ಪೀಪಾಯಿಯನ್ನು ಅರ್ಧಕ್ಕೆ ಸೀಳಿ ಕವುಚಿದಂಥ ಚಾವಣಿ. ಒಂದು ಬದಿಯಲ್ಲಿ ಆರು ಕಿಟಕಿ, ಇನ್ನೊಂದು ಬದಿಯಲ್ಲಿ ಒಂದೂ ಇಲ್ಲ. ಆ ಬದಿಗೆ ಆಗ ಚಾಪೆಲ್ ಕಟ್ಟಿಸಿದ ಯಜಮಾನನ ದೊಡ್ಡ ಮನೆ ಅಂಟಿಕೊಂಡಿತ್ತು. ಇನ್ನುಳಿದದ್ದೆಲ್ಲ ಗೋಡೆ. ಆ ಗೋಡೆಯ ತುಂಬಾ ಚಿತ್ರ. ಚಾವಣಿಯ ನೀಲಿ ಕೆಳಗೆ ಇಳಿದು ಪ್ರತಿ ಚಿತ್ರದ ಆಕಾಶವೂ ಆಗಿದೆ. 1303ರ ಹೊತ್ತಿಗೆ ಫ್ಲಾರೆನ್ಸ್ ಕಡೆಯ ಚಿತ್ರಕಾರ ಜೊಟ್ಟೊ ಇಲ್ಲಿ ಕೆಲಸ ಶುರು ಮಾಡಿದ. 1305ರ ಮಾರ್ಚ್ 25ರಂದು ಚಾಪೆಲ್‌ನ ಪ್ರತಿಷ್ಠೆ ಆಯಿತು. ಮೇರಿಯ ತಂದೆ ತಾಯಿಯ ಕಥೆಯಿಂದ ಹಿಡಿದು ಯೇಸುವಿನ ಬದುಕು, ಸಾವು, ಆಮೇಲಿನದು, ಎಲ್ಲ ಮೂರು ಸಾಲುಗಳಲ್ಲಿ ಗೋಡೆಯನ್ನು ಸುತ್ತಿಕೊಂಡು ಬರುತ್ತವೆ.

ಕಿಟಕಿ ಇಲ್ಲದ ಗೋಡೆಯ ಕೆಳಗಿನ ಸಾಲಿನಲ್ಲಿ ನನ್ನ ಕಾಲು ನಿಂತುಬಿಟ್ಟಿತು.

ಯೇಸುವನ್ನು ಶಿಲುಬೆಯಿಂದ ಇಳಿಸಿ ನೆಲದ ಮೇಲೆ ಮಲಗಿಸಿದ್ದಾರೆ. ತಾಯಿ ಅವನ ಕುತ್ತಿಗೆ ಬಳಸಿ ಮುಖಕ್ಕೆ ಮುಖ ತಂದಿದ್ದಾಳೆ. ಶಿಷ್ಯೆ ಮಗ್ದಲೇನ ಪಾದಗಳನ್ನು ಹಿಡಿದು ಕೂತಿದ್ದಾಳೆ. ಶಿಷ್ಯ ಯೊವಾನ್ನ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ ಮುಂದಕ್ಕೆ ಬಾಗಿದ್ದಾನೆ, ಬೀಳುತ್ತಾನೇನೋ ಅನ್ನುವ ಹಾಗೆ. ಮೇಲೆ ದೇವದೂತರು, ಒಬ್ಬೊಬ್ಬರದೂ ಒಂದೊಂದು ಅಳು. ಒಬ್ಬ ಕೈ ಹಿಸುಕುತ್ತಾನೆ, ಒಬ್ಬ ಕೆನ್ನೆ ಹಿಡಿದುಕೊಂಡಿದ್ದಾನೆ. ಬಂಡೆಯ ಏಣು ಮೇಲಿನಿಂದ ಓರೆಯಾಗಿ ಇಳಿದು ನಮ್ಮ ಕಣ್ಣನ್ನು ತಾಯಿ ಮಗನ ಮುಖದ ಹತ್ತಿರ ತಂದು ಬಿಡುತ್ತದೆ. ಬಂಡೆಯ ತುದಿಯಲ್ಲಿ ಎಲೆಯಿಲ್ಲದ ಒಂದು ಮರ.

ಮತ್ತೆ, ಎಲ್ಲರಿಗಿಂತ ಮುಂದೆ, ನಮಗೆ ತೀರಾ ಹತ್ತಿರದಲ್ಲಿ, ಇಬ್ಬರು ಕೂತಿದ್ದಾರೆ. ಅವರ ಬೆನ್ನು ನಮ್ಮ ಕಡೆಗೆ. ಮುಖ ಕಾಣುವುದಿಲ್ಲ. ತಲೆಯ ಮೇಲೆ ಬಟ್ಟೆ ಹೊದ್ದಿದ್ದಾರೆ. ಪ್ರಭಾವಳಿ ಇಲ್ಲ, ಆದ್ದರಿಂದ ಸಂತರಲ್ಲ. ಹೆಸರೂ ಇಲ್ಲ. ಒಬ್ಬರ ಕೈ ಮಾತ್ರ ಯೇಸುವಿನ ತಲೆಯ ಕೆಳಗೆ ಆನಿಸಿಕೊಂಡಿರುವುದು ಕಾಣುತ್ತದೆ. ಉಳಿದದ್ದು ಬಟ್ಟೆಯ ದೊಡ್ಡ ಗುಪ್ಪೆ, ಬಾಗಿದ ಬೆನ್ನು, ನೆಲಕ್ಕೆ ಒತ್ತಿ ಕೂತ ಭಾರ.

ನನ್ನ ಅಜ್ಜಿ ಹೋದಾಗ ನನಗೆ ಒಂಬತ್ತು ವರ್ಷ. ನಡುಮನೆಯಲ್ಲಿ ಮಲಗಿಸಿದ್ದರು. ಸುತ್ತ ಹೆಂಗಸರು ಕೂತಿದ್ದರು. ನನ್ನನ್ನು ಯಾರೋ ಶಾಲೆಯಿಂದ ಕರೆದುಕೊಂಡು ಬಂದು ಹೊಸ್ತಿಲ ಹತ್ತಿರ ಬಿಟ್ಟರು. ನನಗೆ ಅಜ್ಜಿ ಕಾಣಲೇ ಇಲ್ಲ. ಬರೀ ಬೆನ್ನುಗಳು. ದೊಡ್ಡಮ್ಮನ ರವಿಕೆ ಬೆವರಿಗೆ ಒದ್ದೆಯಾಗಿತ್ತು. ತುರುಬು ಬಿಚ್ಚಿ ಜಾರಿತ್ತು. ಅವರು ಅಳುತ್ತಿದ್ದದ್ದು ನನಗೆ ಆ ಬೆನ್ನಿನಿಂದಲೇ ಗೊತ್ತಾಯಿತು. ಯಾರನ್ನಾದರೂ ಸ್ವಲ್ಪ ಸರಿಯಿರಿ ಅನ್ನಲು ಧೈರ್ಯ ಬರಲಿಲ್ಲ. ಸಾವು ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಬೆನ್ನುಗಳ ಸಾಲು. ಪಾದುವಾದಲ್ಲಿ ಮತ್ತೆ ಅದೇ ಹೊಸ್ತಿಲ ಮೇಲೆ ನಿಂತಿದ್ದೆ.

ಚಿತ್ರದಲ್ಲಿ ಹೀಗೆ ಬೆನ್ನು ತೋರಿಸುವುದು ಎಷ್ಟು ದೊಡ್ಡ ಬದಲಾವಣೆ ಅಂತ ತಿಳಿಯಲು ಜೊಟ್ಟೊಗಿಂತ ಹಿಂದಿನದನ್ನು ನೋಡಬೇಕು. ಅದಕ್ಕೆ ಒಳ್ಳೆಯ ಜಾಗ ಫ್ಲಾರೆನ್ಸಿನ ಉಫೀತ್ಸಿ ಮ್ಯೂಸಿಯಂ. ಅಲ್ಲಿ ಒಂದೇ ಕೋಣೆಯಲ್ಲಿ ಮೂರು ದೊಡ್ಡ ಮರದ ಹಲಗೆಗಳಿವೆ. ಮೂರರಲ್ಲೂ ಮೇರಿ ಮಗುವನ್ನು ಹಿಡಿದು ಸಿಂಹಾಸನದ ಮೇಲೆ ಕೂತಿದ್ದಾಳೆ. ಒಂದು ಚಿಮಾಬೂಯೆಯದು, ಒಂದು ಸಿಯೆನಾದ ದೂಚ್ಚೊನದು, ಒಂದು ಜೊಟ್ಟೊನದು. ದೂಚ್ಚೊನಿಗೆ ಆ ಕೆಲಸ ಒಪ್ಪಿಸಿದ್ದು 1285ರಲ್ಲಿ. ಹಲಗೆಯ ಎತ್ತರ ನಾಲ್ಕೂವರೆ ಮೀಟರ್. ಜೊಟ್ಟೊನದು ಅದಾದ ಇಪ್ಪತ್ತು ವರ್ಷದ ಆಸುಪಾಸಿನದು.

ಮೊದಲಿನ ಎರಡರಲ್ಲಿ ಹಿನ್ನೆಲೆ ಪೂರ್ತಿ ಚಿನ್ನ. ಚಿಮಾಬೂಯೆಯ ಮೇರಿಯ ಸೆರಗಿನ ನೆರಿಗೆಗಳೂ ಚಿನ್ನದ ಗೆರೆ. ಇದು ಬೈಜಾಂಟಿಯಂ, ಅಂದರೆ ಪೂರ್ವದ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ ಕಡೆಯಿಂದ ಬಂದ ರೀತಿ. ದೇವಮಾತೆ ನಮ್ಮ ಕಡೆಗೆ ಮುಖ ಮಾಡಿರುತ್ತಾಳೆ. ಆಕೆಯ ಕಣ್ಣು ನಮ್ಮನ್ನು ನೋಡಬೇಕು, ನಾವು ಆಕೆಯನ್ನು ನೋಡಬೇಕು. ನಮಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ದರ್ಶನ ಅಂದರೆ ಇದೇ. ಗರ್ಭಗುಡಿಯ ಮುಂದೆ ನಿಂತವರು ಹಿಂದೆ ಸರಿಯುವಾಗಲೂ ದೇವರಿಗೆ ಬೆನ್ನು ತೋರಿಸದೆ ಸರಿಯುತ್ತಾರೆ. ಮೊಂಬತ್ತಿಯ ಬೆಳಕಿನಲ್ಲಿ ಆ ಚಿನ್ನ ಅಲುಗಾಡುವಾಗ ಹೇಗಿದ್ದಿರಬಹುದು ಅಂತ ಊಹಿಸಿದರೆ ಮೈ ಝುಂ ಅನ್ನುತ್ತದೆ. ಮಧ್ಯಯುಗದವರಿಗೆ ಮನುಷ್ಯರನ್ನು ಸರಿಯಾಗಿ ಬಿಡಿಸಲು ಬರುತ್ತಿರಲಿಲ್ಲ, ಆಮೇಲಿನವರು ಕಲಿತರು ಅಂತ ಕೆಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಅವರು ಬಿಡಿಸಿದ್ದು ದರ್ಶನ ಕೊಡುವ ರೂಪವನ್ನು. ಆ ಕೆಲಸಕ್ಕೆ ಅದಕ್ಕಿಂತ ಚೆನ್ನಾದ ದಾರಿ ಇರಲಿಲ್ಲ.

ಜೊಟ್ಟೊನ ಮೇರಿಗೂ ಹಿನ್ನೆಲೆ ಚಿನ್ನವೇ. ಆದರೆ ಆಕೆ ಕೂತಿದ್ದಾಳೆ. ನಿಜವಾಗಿ ಕೂತಿದ್ದಾಳೆ. ಬಟ್ಟೆಯ ಕೆಳಗೆ ಮಂಡಿ ಇದೆ, ತೊಡೆ ಇದೆ, ಎದೆ ಇದೆ. ಮಗುವಿನ ಭಾರ ಆಕೆಯ ಕೈಗೆ ಗೊತ್ತಾಗುತ್ತಿದೆ.

ಇಂಥ ಹಲಗೆಗಳ ಬಣ್ಣವನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರು. ಚೆನ್ನೀನೊ ಚೆನ್ನೀನಿ ಅನ್ನುವ ವರ್ಣಚಿತ್ರಕಾರ ಸುಮಾರು 1400ರಲ್ಲಿ ತನ್ನ ಕಸುಬಿನ ಬಗ್ಗೆ ಪುಸ್ತಕ ಬರೆದ. ಎಳೆಯ ಮುಖಗಳಿಗೆ ಪೇಟೆಯ ಕೋಳಿಯ ಮೊಟ್ಟೆ ಹಾಕಿ, ಅದರ ಹಳದಿ ತಿಳಿಯಾಗಿರುತ್ತದೆ. ವಯಸ್ಸಾದವರ, ಕಪ್ಪು ಮೈಯವರ ಮುಖಕ್ಕೆ ಹಳ್ಳಿ ಕೋಳಿಯ ಮೊಟ್ಟೆ ಹಾಕಿ, ಅದು ಕೆಂಪಗಿರುತ್ತದೆ ಅಂತ ಅದರಲ್ಲಿದೆ. ನಾಟಿ ಕೋಳಿ ಮೊಟ್ಟೆ ಒಡೆದು ನೋಡಿದವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಚೆನ್ನೀನಿಯ ಗುರುವಿನ ತಂದೆ ಜೊಟ್ಟೊನ ಹತ್ತಿರ 24 ವರ್ಷ ಇದ್ದವನು. ಹಾಗಾಗಿ ಜೊಟ್ಟೊ ಬಗ್ಗೆ ಅವನು ಹೇಳುವುದು ಮನೆಯವರ ಮಾತಿನ ಹಾಗೆ. ಜೊಟ್ಟೊ ಚಿತ್ರಕಲೆಯನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ತಿರುಗಿಸಿದ, ಈ ಕಾಲದ್ದನ್ನಾಗಿ ಮಾಡಿದ ಅನ್ನುತ್ತಾನೆ. ಗ್ರೀಕ್ ಅಂದರೆ ಅವನ ಲೆಕ್ಕದಲ್ಲಿ ಬೈಜಾಂಟಿಯಂನ ರೀತಿ.

ಹಾಗಾದರೆ ಬೆನ್ನು ತಿರುಗಿಸುವ ಧೈರ್ಯ ಎಲ್ಲಿಂದ ಬಂತು? ನನಗೆ ಇದರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರ ಪಾಲು ದೊಡ್ಡದು ಅನಿಸುತ್ತದೆ. 1223ರ ಕ್ರಿಸ್‌ಮಸ್ ರಾತ್ರಿ ಅವರು ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ ನಿಜವಾದ ಹುಲ್ಲು ಹಾಸಿ, ಎತ್ತು ಕತ್ತೆ ತಂದು ನಿಲ್ಲಿಸಿ, ಗೋದಲಿ ಮಾಡಿದರು. ಇವತ್ತು ಡಿಸೆಂಬರಿನಲ್ಲಿ ನಮ್ಮ ಊರುಗಳ ಕ್ರೈಸ್ತರ ಮನೆಗಳಲ್ಲಿ ಕಾಣುವ ಗೋದಲಿಯ ಹಿಂದೆ ಆ ರಾತ್ರಿ ಇದೆ. ದೂರದ ಕಥೆಯನ್ನು ಹಳ್ಳಿಯ ಜನ ಕಣ್ಣಾರೆ ನೋಡಲಿ, ಚಳಿಯಲ್ಲಿ ಹುಟ್ಟಿದ ಮಗುವಿನ ಹತ್ತಿರ ತಾವೂ ನಿಂತ ಹಾಗೆ ಅನಿಸಲಿ ಅಂತ ಅವರ ಆಸೆ. ಅವರ ಅನುಯಾಯಿಗಳು ಜನರ ಆಡುಮಾತಿನಲ್ಲೇ ಊರೂರಲ್ಲಿ ಬೋಧನೆ ಮಾಡಿದರು. ಅಂತೋಣಿಯವರೂ ಅವರಲ್ಲಿ ಒಬ್ಬರೇ.

ಅಸ್ಸೀಸಿಯ ಮೇಲಿನ ಚರ್ಚಿನಲ್ಲಿ ಈ ಗ್ರೆಚ್ಚೊ ರಾತ್ರಿಯ ಚಿತ್ರವೂ ಇದೆ. ಅದನ್ನು ಬಿಡಿಸಿದ್ದು ಜೊಟ್ಟೊನೇ ಹೌದೋ ಅಲ್ಲವೋ ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಾರೆ. ಯಾರೇ ಬಿಡಿಸಿರಲಿ, ಅವರು ಒಂದು ಅಪರೂಪದ ಕೆಲಸ ಮಾಡಿದ್ದಾರೆ. ನಮ್ಮನ್ನು ಪೂಜೆಯ ಪೀಠ ಇರುವ ಒಳಭಾಗದಲ್ಲಿ ನಿಲ್ಲಿಸಿದ್ದಾರೆ. ಜನರ ಕಡೆಗೆ ಬಾಗಿಸಿ ಕಟ್ಟಿದ ದೊಡ್ಡ ಶಿಲುಬೆ ನಮಗೆ ಹಿಂದಿನಿಂದ ಕಾಣುತ್ತದೆ. ಯೇಸುವಿನ ರೂಪ ಇಲ್ಲ. ಬರೀ ಮರ, ಅಡ್ಡಪಟ್ಟಿ, ಆಧಾರಕ್ಕೆ ಕಟ್ಟಿದ ಕಟ್ಟು. ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತು ಇಣುಕುತ್ತಿದ್ದಾರೆ. ದೇವರ ಚಿತ್ರದ ಬೆನ್ನನ್ನು ಒಬ್ಬ ಬಡಗಿ ನೋಡಿದ ಹಾಗೆ ತೋರಿಸಿದ್ದಾರೆ. ಆ ಶಿಲುಬೆಯ ಬೆನ್ನಿನಿಂದ ಪಾದುವಾದ ಆ ಇಬ್ಬರ ಬೆನ್ನಿಗೆ ಜಾಸ್ತಿ ದೂರ ಇಲ್ಲ.

ಕಟ್ಟಡದ ಕಾರಣವೂ ಒಂದಿದೆ. ಇದಕ್ಕೂ ಮೊದಲೇ ಫ್ರಾನ್ಸಿನಲ್ಲಿ ಗೋಡೆಗಳು ಕರಗುತ್ತಿದ್ದವು. 1140ರ ದಶಕದಲ್ಲಿ ಪ್ಯಾರಿಸ್ ಹತ್ತಿರದ ಸಾಂ ದನಿ ಮಠದಲ್ಲಿ ಶುರುವಾದ ಗಾಥಿಕ್ ರೀತಿ ಚಾವಣಿಯ ಭಾರವನ್ನು ಕಂಬಗಳಿಗೆ, ಹೊರಗಿನ ಆನಿಕೆಗಳಿಗೆ ಹಂಚಿತು. ನಡುವಿನ ಗೋಡೆಗೆ ಕೆಲಸ ಉಳಿಯಲಿಲ್ಲ, ಅದರ ಜಾಗಕ್ಕೆ ಬಣ್ಣದ ಗಾಜು ಬಂತು. 1248ರಲ್ಲಿ ಮುಗಿದ ಪ್ಯಾರಿಸ್ಸಿನ ಸೇಂಟ್ ಶಪೆಲ್‌ನಲ್ಲಿ ಗೋಡೆ ಅನ್ನುವುದೇ ಇಲ್ಲ ಅನ್ನಬಹುದು, ಬರೀ ಕಿಟಕಿ. ಅಲ್ಲಿ ಚಿತ್ರ ಬರೆಯುವವನಿಗೆ ಗಾಜೇ ಗತಿ. ಇಟಲಿಯವರು ಗಾಥಿಕ್ ಕಮಾನು ತೆಗೆದುಕೊಂಡರು, ಆದರೆ ಗೋಡೆಯನ್ನು ಬಿಟ್ಟುಕೊಡಲಿಲ್ಲ. ಹಳೆಯ ರೋಮಿನ ಅಭ್ಯಾಸ ಅದು. ಜೊಟ್ಟೊನಿಗೆ ಖಾಲಿ ಗೋಡೆ ಸಿಕ್ಕಿತು.

ಆ ಗೋಡೆಯ ಕೆಲಸದ ಬಗ್ಗೆ ನನಗೆ ವಿಶೇಷ ಪ್ರೀತಿ. ನನ್ನ ಚಿಕ್ಕಪ್ಪ ಗಾರೆ ಮೇಸ್ತ್ರಿ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅದು ಕೊತಕೊತ ಕುದಿಯುವುದನ್ನು ಚಿಕ್ಕಂದಿನಲ್ಲಿ ದೂರ ನಿಂತು ನೋಡಿದ್ದೇನೆ. "ಸುಣ್ಣ ಚೆನ್ನಾಗಿ ನೆನೀಬೇಕು ಮರಿ, ಅವಸರ ಮಾಡಿದ್ರೆ ಗೋಡೆ ಕೈ ಕೊಡುತ್ತೆ" ಅನ್ನುತ್ತಿದ್ದರು ಚಿಕ್ಕಪ್ಪ. ಜೊಟ್ಟೊನ ಕೆಲಸವೂ ಇದೇ ಸುಣ್ಣ, ಇದೇ ಮರಳು. ಮೊದಲು ಒರಟು ಗಾರೆ. ಅದರ ಮೇಲೆ ನಯವಾದ ಗಾರೆ, ಅದೂ ಆ ದಿನ ಎಷ್ಟು ಚಿತ್ರ ಮುಗಿಸಬಹುದೋ ಅಷ್ಟಕ್ಕೆ ಮಾತ್ರ. ಗಾರೆ ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಒಣಗುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೇ ಸೇರಿಕೊಳ್ಳುತ್ತದೆ. ಹೆಚ್ಚಾಗಿ ಉಳಿದ ಗಾರೆಯನ್ನು ಸಂಜೆ ಅಂಚಿನಲ್ಲಿ ಕೆತ್ತಿ ತೆಗೆದು, ಮಾರನೆಯ ದಿನ ಅಲ್ಲಿಂದಲೇ ಹೊಸ ಗಾರೆ ಜೋಡಿಸುತ್ತಾರೆ. ಇಂಥ ಒಂದು ದಿನದ ತುಂಡಿಗೆ ಇಟಲಿಯವರು ಜೊರ್ನಾತಾ ಅನ್ನುತ್ತಾರೆ, ದಿನದ ಕೆಲಸ ಅಂತ. ಹೊಸ ತುಂಡಿನ ಅಂಚು ಹಳೆಯದರ ಮೇಲೆ ಸ್ವಲ್ಪ ಹತ್ತಿ ಕೂರುವುದರಿಂದ, ಯಾವುದು ಮೊದಲು, ಯಾವುದು ಆಮೇಲೆ ಅಂತ ಗೋಡೆಯನ್ನೇ ಓದಬಹುದು. ಈ ಚಾಪೆಲ್‌ನಲ್ಲಿ ಅಂಥ 600ಕ್ಕೂ ಹೆಚ್ಚು ತುಂಡುಗಳನ್ನು ಎಣಿಸಿದ್ದಾರೆ. ನೀಲಾಕಾಶದ ತುಂಡು ಅಗಲವಾಗಿರುತ್ತದೆ. ಮುಖ ಬಂದ ಕಡೆ ತುಂಡು ಚಿಕ್ಕದಾಗುತ್ತದೆ. ಮುಖಕ್ಕೆ ಹೊತ್ತು ಜಾಸ್ತಿ ಬೇಕು.

ನೀಲಿಯ ಕಥೆ ಬೇರೆ. ಆ ನೀಲಿ ಬಣ್ಣ ಹಸಿ ಸುಣ್ಣಕ್ಕೆ ಹೊಂದುವುದಿಲ್ಲ. ಗೋಡೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚಬೇಕು. ಅದು ಕಲ್ಲಾಗುವುದಿಲ್ಲ, ಮೇಲೆ ಕೂತಿರುತ್ತದೆ, ಕಾಲ ಕಳೆದ ಹಾಗೆ ಉದುರುತ್ತದೆ. ಯೇಸು ಹುಟ್ಟಿದ ಚಿತ್ರದಲ್ಲಿ ಮೇರಿಯ ನೀಲಿ ಮೇಲುಹೊದಿಕೆ ಬಹುಪಾಲು ಹೋಗಿಬಿಟ್ಟಿದೆ. ಅಡಿಯ ಬಣ್ಣ ಮಾತ್ರ ಉಳಿದಿದೆ. ಮಗುವಿನ ಕಡೆ ಹೊರಳಿದ ಆಕೆಯ ಮೈಯ ಆಕಾರ ಅದರಲ್ಲೇ ಇನ್ನಷ್ಟು ಚೆನ್ನಾಗಿ ಕಂಡಿತು ನನಗೆ.

ಇಷ್ಟೆಲ್ಲ ಮಾಡಿಸಿದವನು ಎನ್ರಿಕೊ ಸ್ಕ್ರೊವೆನ್ಯಿ. ಊರಿನ ದೊಡ್ಡ ಸಾಹುಕಾರ. 1300ರಲ್ಲಿ ಹಳೆಯ ರೋಮನ್ ಕ್ರೀಡಾಂಗಣದ ಈ ಜಾಗ ಕೊಂಡ. ಅಪ್ಪ ರೆಜಿನಾಲ್ಡೊ ಬಡ್ಡಿ ವ್ಯವಹಾರದವನು. ಡಾಂಟೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಯವರ ನಡುವೆ, ನೀಲಿ ಬಣ್ಣದ ಗಬ್ಬದ ಹಂದಿಯ ಗುರುತಿನ ಚೀಲ ಕೊರಳಿಗೆ ಹಾಕಿಕೊಂಡ ಪಾದುವಾದವನೊಬ್ಬನನ್ನು ಕೂರಿಸಿದ್ದಾನೆ. ಅದು ಈ ಮನೆತನದ ಗುರುತು. ಆ ಪಾಪ ತೊಳೆಯಲು ಮಗ ಚಾಪೆಲ್ ಕಟ್ಟಿಸಿದ ಅಂತ ಬಹಳ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಪಕ್ಕದ ಮಠದ ಸನ್ಯಾಸಿಗಳು ಮಾತ್ರ 1305ರ ಜನವರಿಯಲ್ಲೇ ಇದು ಬರೀ ಆಡಂಬರ ಅಂತ ದೂರು ಕೊಟ್ಟಿದ್ದರು. ಬಾಗಿಲ ಮೇಲಿನ ಕೊನೆಯ ತೀರ್ಪಿನ ಚಿತ್ರದಲ್ಲಿ ಎನ್ರಿಕೊ ಮಂಡಿಯೂರಿ ಚಾಪೆಲ್‌ನ ಪುಟ್ಟ ಮಾದರಿಯನ್ನು ಮೇರಿಗೆ ಒಪ್ಪಿಸುತ್ತಿದ್ದಾನೆ. ಅದೇ ಗೋಡೆಯ ನರಕದಲ್ಲಿ ಬಡ್ಡಿಯವರು ತಮ್ಮ ಹಣದ ಚೀಲದ ದಾರಕ್ಕೇ ನೇತಾಡುತ್ತಿದ್ದಾರೆ. ಪ್ರತಿ ಸಲ ಹೊರಗೆ ಹೋಗುವಾಗ ಆ ಮಗ ಅದನ್ನು ನೋಡಲೇಬೇಕಿತ್ತು. ಅವನು ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಿದ್ದನೋ ಅಂತ ನಾನು ತುಂಬಾ ಹೊತ್ತು ಯೋಚಿಸಿದೆ. ಕೊನೆಗೆ ಎನ್ರಿಕೊ ಊರು ಬಿಡಬೇಕಾಗಿ ಬಂದು ವೆನಿಸ್‌ನಲ್ಲಿ ಸತ್ತ.

ಒಮ್ಮೆ ಬೆನ್ನು ಕಾಣಲು ಶುರುವಾದರೆ ಚಾಪೆಲ್ ತುಂಬಾ ಕಾಣುತ್ತದೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನು ಅವನಿಗೆ ಮುತ್ತಿಡುವ ಚಿತ್ರದಲ್ಲಿ, ಎಡಗಡೆ, ತಲೆಗೆ ಮುಸುಕು ಹಾಕಿದ ಒಬ್ಬ ನಮಗೆ ಬೆನ್ನು ಮಾಡಿ ಓಡುತ್ತಿರುವ ಯಾರದೋ ಮೇಲುಹೊದಿಕೆ ಹಿಡಿದು ಎಳೆಯುತ್ತಿದ್ದಾನೆ. ಕೊನೆಯ ಭೋಜನದಲ್ಲಿ ಮೇಜಿನ ಈಚೆ ಬದಿಯ ಶಿಷ್ಯರು ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಾರೆ. ಮೇಲಿನ ಸಾಲಿನಲ್ಲಿ ಮೇರಿಯ ತಂದೆ ಯೋವಾಕಿಮ ಹೆಂಡತಿ ಅನ್ನಾಳನ್ನು ಊರ ಬಾಗಿಲಲ್ಲಿ ತಬ್ಬಿ ಮುತ್ತಿಡುವಾಗ, ಜೊತೆಗೆ ಬಂದ ಕುರುಬನ ಅರ್ಧ ಮೈ ಚೌಕಟ್ಟಿನಿಂದ ಆಚೆಗೆ ಹೋಗಿಬಿಟ್ಟಿದೆ. ಅಂದರೆ ಚೌಕಟ್ಟಿನ ಆಚೆಗೂ ಜಗತ್ತು ಇದೆ. ಅಲ್ಲಿ ನಡೆಯುತ್ತಿರುವುದು ನಮಗೋಸ್ಕರ ಅಲ್ಲ. ಅವರ ಪಾಡಿಗೆ ಅವರು ಬದುಕುತ್ತಿದ್ದಾರೆ. ನಾವು ತಡವಾಗಿ ಬಂದು ಹಿಂದೆ ನಿಂತವರು.

ಜೊಟ್ಟೊ 1337ರಲ್ಲಿ ತೀರಿಕೊಂಡ. 1348ರ ಪ್ಲೇಗು ಇಟಲಿಯ ಊರುಗಳನ್ನು ಬರಿದು ಮಾಡಿತು. ಅವನ ಹಿಂದೆಯೇ ಬರಬೇಕಾಗಿದ್ದದ್ದು ಬರಲು ಸುಮಾರು ನೂರು ವರ್ಷ ಹಿಡಿಯಿತು. 1420ರ ದಶಕದಲ್ಲಿ ಫ್ಲಾರೆನ್ಸಿನ ಬ್ರಾಂಕಾಚಿ ಚಾಪೆಲ್‌ನಲ್ಲಿ ಮಸಾಚ್ಚೊ ಅನ್ನುವ ಹುಡುಗ ಯೇಸುವಿನ ಹತ್ತಿರ ತೆರಿಗೆ ಕೇಳುವ ಚಿತ್ರ ಬಿಡಿಸಿದ. ಅದರ ನಟ್ಟನಡುವೆ ಗಿಡ್ಡ ಅಂಗಿಯ ತೆರಿಗೆಯವನು ನಿಂತಿದ್ದಾನೆ. ಬರಿಗಾಲು. ನಮಗೆ ಬೆನ್ನು. ಅವನ ಮೀನಖಂಡದ ಮೇಲೆ ಬಿದ್ದ ಬೆಳಕು ಆ ಚಾಪೆಲ್‌ನ ನಿಜವಾದ ಕಿಟಕಿಯಿಂದಲೇ ಬಂದ ಹಾಗಿದೆ. ಇದನ್ನೇ ಎಲ್ಲರೂ ಪುನರುಜ್ಜೀವನದ ಶುರು ಅನ್ನುತ್ತಾರೆ. ನನಗೆ ಅವನನ್ನು ನೋಡಿದ ಕೂಡಲೇ ಪಾದುವಾದ ಆ ಇಬ್ಬರಲ್ಲಿ ಒಬ್ಬರು ಎದ್ದು ನಿಂತ ಹಾಗೆ ಅನಿಸಿತು. ಮಸಾಚ್ಚೊ ಇಪ್ಪತ್ತೇಳು ತುಂಬುವ ಹೊತ್ತಿಗೆ ಸತ್ತುಹೋದ.

1944ರ ಮಾರ್ಚ್ 11ರಂದು ಪಾದುವಾದ ಮೇಲೆ ಬಾಂಬು ಬಿತ್ತು. ದೂರು ಕೊಟ್ಟಿದ್ದರಲ್ಲ ಸನ್ಯಾಸಿಗಳು, ಅವರ ಚರ್ಚಿಗೇ ಬಿತ್ತು. ಅಲ್ಲಿ ಮಂತೆನ್ಯ ತನ್ನ ಹರೆಯದಲ್ಲಿ ಬಿಡಿಸಿದ್ದ ಗೋಡೆಚಿತ್ರಗಳು ಪುಡಿಪುಡಿಯಾದವು. ಚಾಪೆಲ್ ಅಲ್ಲಿಂದ ಕೂಗಳತೆ ದೂರ. ಅದು ಉಳಿಯಿತು. ನಾನು ಆ ಚರ್ಚಿಗೂ ಹೋದೆ. ಸಿಕ್ಕ ಚೂರುಗಳನ್ನು ಅವುಗಳ ಜಾಗಕ್ಕೆ ಅಂಟಿಸಿದ್ದಾರೆ. ಉಳಿದ ಕಡೆ ಬಣ್ಣ ಕಳೆದ ರೂಪರೇಖೆ ಮಾತ್ರ. ಅಂತೋಣಿಯವರ ಗುಡಿಯಲ್ಲಿ ಆಂಟಿಯ ಹೆಸರು ಹೇಳಿ ಸಮಾಧಿಯ ಕಲ್ಲಿನ ಮೇಲೆ ಕೈ ಇಟ್ಟದ್ದು ಅದಾದ ಮೇಲೆ, ಸಂಜೆ.

ಚಾಪೆಲ್‌ನ ಒಳಗೆ ನನಗೆ ಸಿಕ್ಕ 15 ನಿಮಿಷದಲ್ಲಿ ಕೊನೆಯ ಎರಡೋ ಮೂರೋ ನಿಮಿಷ ಮತ್ತೆ ಆ ಚಿತ್ರದ ಮುಂದೆಯೇ ನಿಂತೆ. ಗಾರೆಯ ಕೂಡುಗೆರೆ ಎಲ್ಲಿದೆ ಅಂತ ಹುಡುಕಿದೆ. ಆ ಬೆನ್ನಿಗೆ ಯಾವ ದಿನದ ಗಾರೆ, ಮುಂಜಾನೆಯದೋ ಸಂಜೆಯದೋ. ಕೆಳಗಿನಿಂದ ಕಾಣಲಿಲ್ಲ. ನನ್ನ ಪಕ್ಕ ವಯಸ್ಸಾದ ಇಟಲಿಯ ಹೆಂಗಸೊಬ್ಬರು ಬಂದು ನಿಂತರು. ನಾನು ಅಡ್ಡ ಇದ್ದೆ ಅನಿಸುತ್ತದೆ. ಮೆತ್ತಗೆ ನನ್ನ ಭುಜ ಮುಟ್ಟಿದರು. ನಾನು ಸರಿದು ಜಾಗ ಬಿಟ್ಟೆ.